ಚಲನೆ ಇಲ್ಲ

ಜೂನ್ ೧೨, ೧೯೫೪

ಲ್ಯಾಬಿಗೆಂದು ತಂದ ಎರಡು ನೋಟ್‌ಬುಕ್ಕುಗಳಲ್ಲಿ ಒಂದು ಉಳಿಯಿತು. ಡಾಕ್ಟರನ್ನು ಕೇಳಿಯೇ ತೆಗೆದುಕೊಂಡೆ. ಆದದ್ದನ್ನು ಆದ ಹಾಗೆ ಇದರಲ್ಲಿ ಬರೆಯುವುದು. ಯಾರಿಗೂ ತೋರಿಸಲಿಕ್ಕಿಲ್ಲ, ಆದ್ದರಿಂದ ಚಂದ ಮಾಡಿ ಬರೆಯುವ ಅಗತ್ಯವೂ ಇಲ್ಲ.

ಬೊಂಬಾಯಿಯ ಪರೇಲಿನಲ್ಲಿ ಈ ಲ್ಯಾಬಿನ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಮೆಟ್ರಿಕ್ ಮುಗಿಸದ ಹುಡುಗಿಗೆ ಇದು ಸಿಕ್ಕಿದ್ದು ಅಕ್ಕನ ಗಂಡ ಮೋನಪ್ಪ ಭಾವನಿಂದ. ಡಾಕ್ಟರ್ ಕೇಶವಮೂರ್ತಿ ಮೈಸೂರಿನವರು. ಭಾವ ಮ್ಯಾನೇಜರಾಗಿರುವ ಫೋರ್ಟಿನ ಹೋಟೆಲಿಗೆ ಊಟಕ್ಕೆ ಬರುತ್ತಾರೆ. "ಎಣಿಸೋಕೆ ಒಬ್ರು ಬೇಕು ಕಣ್ರೀ, ಸುಳ್ಳು ಹೇಳದೋರು" ಎಂದರಂತೆ. "ನಮ್ಮ ಮನೆಯಲ್ಲಿ ಒಬ್ಬಳಿದ್ದಾಳೆ ಸಾರ್, ಅದರಿಂದಲೇ ಶಾಲೆ ಬಿಟ್ಟವಳು" ಎಂದು ಭಾವ ಹೇಳಿದರಂತೆ. ಅದು ನಿಜ. ಇನ್‌ಸ್ಪೆಕ್ಟರು ಬಂದ ದಿನ, ಅವರು ಕೇಳುವ ಪ್ರಶ್ನೆಗಳನ್ನೆಲ್ಲ ಮಾಸ್ತರು ನಿನ್ನೆಯೇ ಹೇಳಿಕೊಟ್ಟಿದ್ದಾರೆ ಎಂದು ಎದ್ದು ನಿಂತು ಹೇಳಿದೆ. ಕ್ಷಮೆ ಕೇಳು ಎಂದರು. ಕೇಳಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ಮೊಲಗಳ ವೀರ್ಯಾಣು ಎಣಿಸುವುದು ನನ್ನ ಕೆಲಸ. ಹಾಳೆಯಲ್ಲಿ ಮೂರು ಕಾಲಂ. ಮುಂದಕ್ಕೆ ಸಾಗುವವು, ಇದ್ದಲ್ಲೇ ಅಲುಗುವವು, ಚಲನೆ ಇಲ್ಲದವು. ಪ್ರತಿ ಸ್ಲೈಡಿಗೂ ನೂರು ಎಣಿಸಬೇಕು. ಗಂಡು ಮೊಲದಿಂದ ಆಗಷ್ಟೇ ತೆಗೆದವು ಗೀಟು ಎಳೆದ ಹಾಗೆ ನೇರ ಹೋಗುತ್ತವೆ, ಬಾಲ ಸಣ್ಣಗೆ ನಡುಗುತ್ತಿರುತ್ತದೆ. ನನ್ನ ಕೆಲಸ ಏನೆಂದು ಮಾಟುಂಗದ ನಮ್ಮ ಚಾಳಿನಲ್ಲಿ ಯಾರಿಗೂ ಹೇಳಬೇಡ ಎಂದು ಪ್ರಫುಲ್ಲಾ ಅಕ್ಕ ಹೇಳಿದ್ದಾಳೆ. ಕೇಳಿದರೆ ಹೇಳುವವಳೇ. ಯಾರೂ ಕೇಳಿಲ್ಲ.

ಜೂನ್ ೨೦

ಅಣ್ಣು ಮಾವ ಬಾಂದ್ರಾದಿಂದ ಬಂದಿದ್ದರು. ಅಮ್ಮನ ಒಬ್ಬನೇ ತಮ್ಮ. ನಮ್ಮದು ಅಳಿಯಸಂತಾನ. ಮನೆತನ ಹೆಣ್ಣುಮಕ್ಕಳಿಂದ ಮುಂದೆ ಹೋಗಬೇಕು. ಗಂಡಸರಿಗೆ ಹುಟ್ಟಿದ ಮಕ್ಕಳು ಅವುಗಳ ತಾಯಿಮನೆಯವು. ಅಮ್ಮ ಹೋದ ಮೇಲೆ ನಮ್ಮ ಮನೆತನದಲ್ಲಿ ಉಳಿದ ಹೆಣ್ಣುಗಳು ಅಕ್ಕ ಮತ್ತು ನಾನು, ಇಬ್ಬರೇ. ಅಕ್ಕನ ಮದುವೆಯಾಗಿ ಏಳು ವರ್ಷ. ಮಕ್ಕಳಿಲ್ಲ.

"ಪ್ರಫುಲ್ಲಾ, ಈ ಮನೆತನ ನಿನ್ನಲ್ಲಿಗೆ ಮುಗಿಯುವುದಾ?" ಎಂದರು ಮಾವ.

"ಚಹಾ ಆರ್ತದೆ ಮಾವ."

"ಚಹಾ ಆರಿದರೆ ಮತ್ತೆ ಬಿಸಿ ಮಾಡಬಹುದು. ನಿನಗೆ ಇಪ್ಪತ್ತಾರು ಆಯಿತು." ಆಮೇಲೆ ನನ್ನ ಕಡೆ ತಿರುಗಿದರು. "ಆಟಿ ತಿಂಗಳಲ್ಲಿ ಶುಭಕಾರ್ಯ ಇಲ್ಲ, ಅದು ಮುಗಿಯಲಿ. ಅಷ್ಟರಲ್ಲಿ ಇವಳಿಂದ ಸುದ್ದಿ ಇಲ್ಲದಿದ್ದರೆ ನಿನ್ನ ಮೊಲದ ಕೆಲಸ ಬಿಡಿಸಿ ಮದುವೆ ಮಾಡುವುದು. ಒಬ್ಬಳಿಂದ ಆಗದ್ದು ಇನ್ನೊಬ್ಬಳಿಂದ ಆಗಬೇಕು."

ಭಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. "ಇವಳನ್ನು ಮದುವೆ ಆಗುವವನಿಗೆ ಮೊದಲೇ ಹೇಳಿಬಿಡಿ ಮಾವ, ಇವಳು ಕಂಡದ್ದನ್ನು ಕಂಡ ಹಾಗೆ ಹೇಳುವವಳು ಅಂತ. ಆಮೇಲೆ ನಮ್ಮ ಮೇಲೆ ಬರಬಾರದು." ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಮಾವ ನಗಲಿಲ್ಲ.

ಭಾವ ಹೋಟೆಲಿನಿಂದ ಬಾಳೆಲೆಯಲ್ಲಿ ಗೋಳಿಬಜೆ ಕಟ್ಟಿಕೊಂಡು ಬರುತ್ತಾರೆ. ಅಕ್ಕ ಅರ್ಧ ತಿಂದು ಅರ್ಧ ಅವರಿಗೆ ಇಡುತ್ತಾಳೆ. ದಿನವಿಡೀ ಅದರ ನಡುವೆಯೇ ಇರುವವರಿಗೆ ಅದೇಕೆ ಎಂದು ಒಮ್ಮೆ ಕೇಳಿದೆ. "ಅಲ್ಲಿಯದ್ದು ಬೇರೆ" ಎಂದರು ಭಾವ.

ಜೂನ್ ೨೮

ಇವತ್ತು ಕಂಡದ್ದನ್ನು ಯಾವ ಕಾಲಂಗೆ ಹಾಕುವುದೆಂದು ತಿಳಿಯಲಿಲ್ಲ.

ಆಗಷ್ಟೇ ತೆಗೆದ ವೀರ್ಯವನ್ನು ಹೆಣ್ಣು ಮೊಲದ ಅಂಡನಾಳಕ್ಕೆ ನೇರ ಬಿಟ್ಟರೆ ಅಂಡ ಹಾಗೆಯೇ ಉಳಿಯುತ್ತದೆ. ಹೆಣ್ಣಿನ ಗರ್ಭಕೋಶದಲ್ಲಿ ಐದಾರು ಗಂಟೆ ಇದ್ದದ್ದನ್ನು ಬಿಟ್ಟರೆ ಮಾತ್ರ ಫಲಿಸುತ್ತದೆ. ಇದನ್ನು ಮೂರು ವರ್ಷದ ಹಿಂದೆ ಹೊರದೇಶದವರು ಕಂಡುಹಿಡಿದರು. ಆ ಐದಾರು ಗಂಟೆಯಲ್ಲಿ ಅದಕ್ಕೆ ಏನಾಗುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ನಮ್ಮ ಡಾಕ್ಟರಿಗೆ ಅದು ಬೇಕು.

ನಿನ್ನೆ ಸಂಜೆ ಗಂಡಿನ ಜೊತೆ ಬಿಟ್ಟ ಹೆಣ್ಣು ಮೊಲವನ್ನು ಬೆಳಿಗ್ಗೆ ದಾನಪ್ಪ ಕೊಯ್ದ. ಅವನು ಗದಗಿನ ಕಡೆಯವನು, ಮೊಲದ ಕೋಣೆ ಅವನದು. ಅಂಡನಾಳ ತೊಳೆದ ನೀರಿನ ಒಂದು ಹನಿಯನ್ನು ಬಿಸಿ ಆರುವ ಮೊದಲೇ ನೋಡಿದೆ. ಅವು ನೇರ ಹೋಗುತ್ತಿರಲಿಲ್ಲ. ಬಾಲವನ್ನು ಚಾಟಿಯ ಹಾಗೆ ಅತ್ತಿತ್ತ ಬೀಸುತ್ತ, ತಲೆಯಿಂದ ಎಂಟರ ಅಂಕಿ ಬರೆದಂತೆ ಹೊರಳುತ್ತ, ಇದ್ದಲ್ಲೇ ಕುದಿಯುತ್ತಿದ್ದವು. ನಡುನಡುವೆ ಒಂದು ಎತ್ತಲೋ ಎಗರಿ ಕಣ್ಣಿಗೆ ಸಿಗದೆ ಹೋಗುತ್ತಿತ್ತು.

ಡಾಕ್ಟರು ನೋಡಿದರು. "ಸಾಯೋ ಮುಂಚೆ ಒದ್ದಾಡ್ತಾ ಇವೆ ಅಷ್ಟೆ. ಎರಡನೇ ಕಾಲಂಗೆ ಹಾಕಮ್ಮ."

"ಸಾಯುವವು ನಿಧಾನ ಆಗ್ತವೆ ಸಾರ್. ನಾಲ್ಕು ತಿಂಗಳಿಂದ ನೋಡ್ತಿದ್ದೇನೆ. ಇವು ಮೊದಲಿಗಿಂತ ಜೋರುಂಟು."

"ಮತ್ತೆ ಏನು ಅಂತೀಯ?"

"ಏನು ಅಂತ ಗೊತ್ತಿಲ್ಲ. ಎರಡನೇ ಕಾಲಂ ಅಲ್ಲ ಅಂತ ಗೊತ್ತು. ಅಂಡದ ಸುತ್ತ ಅಷ್ಟು ದಪ್ಪ ಪೊರೆ ಉಂಟಲ್ಲ ಸಾರ್, ಸುಮ್ಮನೆ ನೇರ ಈಜಿಕೊಂಡು ಹೋದರೆ ಒಳಗೆ ಹೋಗಲಿಕ್ಕೆ ಆಗ್ತದಾ? ಅದಕ್ಕೇ ಹೀಗೆ ಬದಲಾಗುವುದೋ ಏನೋ."

ಅವರು ಕನ್ನಡಕ ಒರೆಸಿಕೊಂಡರು. "ಈಗ ನಾಲ್ಕನೇ ಕಾಲಂ ಹಾಕಿದ್ರೆ ಹಿಂದಿನ ನೂರಾ ಹತ್ತು ಹಾಳೆ ಏನ್ ಮಾಡ್ಲಿ ಹೇಳು."

ನಾನು ಎರಡನೇ ಕಾಲಂ ಖಾಲಿ ಬಿಟ್ಟೆ. ಬದಿಯಲ್ಲಿ ಪೆನ್ಸಿಲಿನಿಂದ "ಚಾಟಿ ಬೀಸುವವು: ೭೧" ಎಂದು ಬರೆದೆ.

ಜುಲೈ ೪

ಮಾವ ಅಕ್ಕನಿಗೆ ಇಪ್ಪತ್ತೊಂದು ಸೋಮವಾರ ಉಪವಾಸ ಹೇಳಿ ಕಳಿಸಿದ್ದಾರೆ. ಹಾಗೇ ಸುಮ್ಮನೆ ಯಾಕೆ ಬೈಸಿಕೊಳ್ಳುತ್ತಾಳೆ ಎಂದು ಸಿಟ್ಟು ಬಂತು. ಭಾವನನ್ನು ಗ್ಯಾಲರಿಗೆ ಕರೆದು, ನಿಮ್ಮದನ್ನು ಒಮ್ಮೆ ಲ್ಯಾಬಿನಲ್ಲಿ ನೋಡುತ್ತೇನೆ ಎಂದೆ. ಅವರ ಕಿವಿ ಕೆಂಪಾಯಿತು. ಸ್ವಲ್ಪ ಹೊತ್ತು ಕೆಳಗಿನ ನಲ್ಲಿಯನ್ನೇ ನೋಡಿದರು. "ಪ್ರಫುಲ್ಲನಿಗೆ ಬೈಗಳು ಕಮ್ಮಿ ಆಗುವುದಾದರೆ ಆಗಲಿ ಮಾರಾಯ್ತಿ. ಅವಳಿಗೆ ಹೇಳಬೇಡ" ಎಂದರು.

ಡಾಕ್ಟರು, ಬಿಡುವಿದ್ದಾಗ ನೋಡ್ಕೊ ಎಂದರು. ಫೋರ್ಟಿನಿಂದ ಪರೇಲಿಗೆ ತರುವುದು ಹೇಗೆಂದು ದಾನಪ್ಪನನ್ನು ಕೇಳಿದೆ. ಅವನು ಮೊದಲು ಎಮ್ಮೆಗಳ ಡೈರಿಯಲ್ಲಿದ್ದವನು. "ನಾವು ಕ್ವಾಣದ್ದು ಮಂಜುಗಡ್ಡ್ಯಾಗ ಇಟ್ಟು ಒಯ್ತಿದ್ವಿ ಅಕ್ಕಾರ. ಎರಡು ದಿನ ಇಟ್ಟರೂ ಏನೂ ಆಗೂದಿಲ್ಲ." ಭಾವನಿಗೆ ಹೇಳಿದೆ. "ಬರ್ಫ್ ನಮ್ಮಲ್ಲಿ ಬೇಕಾದಷ್ಟುಂಟು" ಎಂದು ನಕ್ಕರು.

ಜುಲೈ ೭

ಭಾವ ಹನ್ನೊಂದು ಗಂಟೆಗೆ ಬಂದು, ಟಿಫಿನ್ ಡಬ್ಬಿಯಲ್ಲಿ ಬರ್ಫಿನ ನಡುವೆ ಹುಗಿದ ಸಣ್ಣ ಬಾಟ್ಲಿಯನ್ನು ಕೊಟ್ಟು, ನನ್ನ ಮುಖ ನೋಡದೆ ಹೋದರು.

ನಾಲ್ಕು ಸ್ಲೈಡು ಮಾಡಿದೆ. ನಾಲ್ಕು ಸಲ ನೂರು ಎಣಿಸಿದೆ. ಮುಂದಕ್ಕೆ ಸಾಗುವವು, ಇಲ್ಲ. ಇದ್ದಲ್ಲೇ ಅಲುಗುವವು, ಇಲ್ಲ. ಚಲನೆ ಇಲ್ಲದವು, ನೂರಕ್ಕೆ ನೂರು.

ಮಾಟುಂಗಕ್ಕೆ ಬಂದಾಗ ಮಾವ ಮನೆಯಲ್ಲಿ ಕುಳಿತಿದ್ದರು. ಉಪವಾಸ ಹಿಡಿದೆಯೋ ಇಲ್ಲವೋ ಎಂದು ಅಕ್ಕನನ್ನು ಕೇಳುತ್ತಿದ್ದರು. ಬರಡು ಎಮ್ಮೆಗೆ ಹುಲ್ಲು ಹಾಕಿದ ಹಾಗೆ ಆಯಿತು ಎಂದರು. ಚಪ್ಪಲಿ ಬಿಡುವ ಮೊದಲೇ ನಾನು ಹೇಳಿದೆ. "ಅಕ್ಕನನ್ನು ಬೈಯಬೇಡಿ ಮಾವ. ಭಾವನದ್ದನ್ನು ನಾನೇ ಇವತ್ತು ನೋಡಿದೆ. ನಾನೂರರಲ್ಲಿ ಒಂದೂ ಅಲುಗಲಿಲ್ಲ."

ಮಾವ ಕುಳಿತಲ್ಲಿಂದ ಎದ್ದರು. ಆಮೇಲೆ ಅಕ್ಕನ ತಲೆಯ ಮೇಲೆ ಕೈ ಇಟ್ಟರು. ಏಳು ವರ್ಷದಲ್ಲಿ ಮೊದಲ ಸಲ.

ಅಕ್ಕ ನನ್ನನ್ನು ನೋಡಿ, "ನಿನ್ನನ್ನು ಕೇಳಿದ್ದು ಯಾರು?" ಎಂದಳು.

ಅಕ್ಕನಲ್ಲಿ ದೋಷವಿಲ್ಲ ಎಂದಾದ ಮೇಲೆ ನನ್ನ ಮದುವೆಯ ಮಾತು ಇನ್ನು ನಿಂತಿತು ಎಂದು ನನಗೆ ಹಗುರವೆನಿಸಿತು. ಅದನ್ನೂ ಬರೆಯಬೇಕು.

ಜುಲೈ ೮

ಅಕ್ಕ ಅಕ್ಕಿ ಆರಿಸುತ್ತ ಹೇಳಿದ್ದು:

"ಮಾವ ನನ್ನನ್ನು ಬೈಯಲಿ ಅಂತಲೇ ಇದ್ದೆ ನಾನು. ನನ್ನಲ್ಲಿ ದೋಷ ಅಂತಾದರೆ ನಾನು ಎಲ್ಲಿದ್ದರೂ ಒಂದೇ, ಇಲ್ಲೇ ಇರಬಹುದು. ಅವರಲ್ಲಿ ದೋಷ ಅಂತಾದರೆ ಮಾವ ನನ್ನನ್ನು ಇಲ್ಲಿ ಬಿಡ್ತಾರಾ? ಬೇರೆ ಸಂಬಂಧ ನೋಡ್ತಾರೆ. ನಿನಗೆ ಯಾವ ಶಾಲೆಯಲ್ಲಿ ಏನು ಕಲಿಸಿದರೋ."

ಪಕ್ಕದ ಖೋಲಿಯ ಮರಾಠಿ ಬಾಯಿಗೆ ಮಕ್ಕಳಾಗಲಿಲ್ಲವೆಂದು ಅವಳ ಗಂಡ ಅವಳನ್ನು ತವರಿಗೆ ಅಟ್ಟಿದ್ದು ನೋಡಿದ್ದೆ. ಹೆಣ್ಣಿನ ಮೇಲಿನ ದೂರು ಹೋದರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡಿದ್ದೆ. ನಮ್ಮಲ್ಲಿ ಅದು ಉಲ್ಟಾ ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ಯೋಚಿಸಲಿಲ್ಲ.

ಆದರೂ ನಾನು ಕಂಡದ್ದು ನಿಜವೇ.

ಜುಲೈ ೧೪

ಆಟಿ ಹಿಡಿಯುವ ಮೊದಲೇ ಮುಗಿಯಬೇಕೆಂದು ಮಾವ ಅವಸರ ಮಾಡಿದರು. ಊರಿನ ಹತ್ತು ಜನ ನಮ್ಮ ಖೋಲಿಯಲ್ಲಿ ಸೇರಿದರು. ಅಕ್ಕನನ್ನು, ಸಂಬಂಧ ಬಿಡಲು ಒಪ್ಪಿಗೆಯೇ ಎಂದು ಕೇಳಿದರು. ಅವಳು ಬಾಯಿ ಬಿಡಲಿಲ್ಲ. ಎರಡನೇ ಸಲ ಕೇಳಿದರು. ಆಗ ಭಾವನೇ ಮಾತಾಡಿದರು.

"ಅವಳಿಗೆ ಮಕ್ಕಳೆಂದರೆ ಆಸೆ. ನನ್ನಿಂದ ಆಗುವುದಿಲ್ಲ ಅಂತ ನೀಲಾವತಿ ನೋಡಿದ್ದಾಳೆ. ಅವಳು ಸುಳ್ಳು ಹೇಳುವವಳಲ್ಲ."

ಸಂಬಂಧ ಬಿಟ್ಟೆ ಎಂಬುದಕ್ಕೆ ವೀಳ್ಯದೆಲೆಯನ್ನು ತಾವೇ ತಟ್ಟೆಯಲ್ಲಿಟ್ಟು ಮಾವನ ಕಡೆ ಸರಿಸಿದರು. ಅಕ್ಕ ಒಳಗೆ ಹೋಗಿ ಟ್ರಂಕು ತುಂಬಿದಳು. ನಾವಿಬ್ಬರೂ ಬಾಂದ್ರಾಕ್ಕೆ ಬಂದೆವು.

ಜುಲೈ ೩೦

ಬಾಂದ್ರಾದಿಂದ ಲೋಕಲ್ ಹಿಡಿದು ಕೆಲಸಕ್ಕೆ ಹೋಗುತ್ತೇನೆ. ಅಕ್ಕನಿಗೆ ದೂಜಣ್ಣ ಎಂಬವರು ಗೊತ್ತಾಗಿದ್ದಾರೆ. ಅಂಧೇರಿಯಲ್ಲಿ ಸೋಡಾ ಅಂಗಡಿ. ಹೆಂಡತಿ ತೀರಿಕೊಂಡಿದ್ದಾಳೆ. ಇಬ್ಬರು ಮಕ್ಕಳಿದ್ದಾರೆ ಎಂಬುದೇ ಮಾವನಿಗೆ ದೊಡ್ಡ ಗುಣ. "ಸಾಕ್ಷಿ ಸಮೇತ ಇರುವ ಗಂಡಸು" ಎನ್ನುತ್ತಾರೆ. ಆಟಿ ಮುಗಿದ ಮೇಲೆ ಸೀರೆ ಕೊಡುವುದು. ಎರಡನೇ ಸಂಬಂಧಕ್ಕೆ ದೊಡ್ಡ ಮುಹೂರ್ತ ಬೇಡವಂತೆ, ಸೀರೆ ಕೊಟ್ಟರೆ ಮದುವೆಯಾದ ಹಾಗೆ.

ಅಕ್ಕ ಈಗ ಮಾವನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಊಟ ಮಾಡುತ್ತಾಳೆ. ಹಾಗೆ ಮಾಡು ಎಂದು ಮಾವ ಹೇಳಿದ್ದಾರೆ.

ಆಗಸ್ಟ್ ೫

ಮಳೆಗೆ ಲೋಕಲ್ ನಿಂತು ಡಾಕ್ಟರು ಎರಡು ಗಂಟೆ ತಡವಾದರು. ಮೊಲದ ಅಂಡನಾಳ ತೊಳೆದ ನೀರು ಕೆಡಬಾರದೆಂದು ದಾನಪ್ಪ ಅದನ್ನು ಬರ್ಫಿನಲ್ಲಿಟ್ಟಿದ್ದ. ಇಡುವ ಮೊದಲು ನಾನು ಒಂದು ಹನಿ ನೋಡಿದ್ದೆ. ಚಾಟಿ ಬೀಸುವವು ಬೇಕಾದಷ್ಟಿದ್ದವು. ಡಾಕ್ಟರು ಬಂದು ನೋಡಿದಾಗ ಒಂದೂ ಅಲುಗಲಿಲ್ಲ. ಅಂಗೈಯಲ್ಲಿ ಬಿಸಿ ಮಾಡಿ ನೋಡಿದರು. ಇಲ್ಲ.

"ಬರ್ಫಲ್ಲಿ ಇಟ್ಟೋರು ಯಾರು?"

"ಡೈರ್ಯಾಗ ಹಂಗ ಇಡತಿದ್ವಿ ಸಾಹೇಬ್ರ."

"ಡೈರಿಯಲ್ಲಿ ಡಾಕ್ಟರು ಮೊದಲೇ ಮೊಟ್ಟೆಯ ಹಳದಿ ಬೆರೆಸಿ, ನಿಧಾನಕ್ಕೆ ತಣ್ಣಗೆ ಮಾಡಿರ್ತಾರಯ್ಯಾ. ಬರೀ ವೀರ್ಯಾನ ಸೀದಾ ಬರ್ಫಿಗೆ ಹಾಕಿದ್ರೆ ಉಳಿಯುತ್ತಾ? ಸತ್ತೇ ಹೋಗ್ತವೆ."

"ಅದು ನನಗ ಯಾರೂ ಹೇಳಿಲ್ರಿ" ಎಂದ ದಾನಪ್ಪ.

ನನಗೂ ಯಾರೂ ಹೇಳಿರಲಿಲ್ಲ. ಆದರೆ ನಾನು ಕೇಳಿರಲೂ ಇಲ್ಲ. ಭಾವನ ಬಾಟ್ಲಿಯನ್ನು ಬರ್ಫಿನಲ್ಲಿ ಹುಗಿದು ತನ್ನಿ ಎಂದವಳು ನಾನು.

ಆಗಸ್ಟ್ ೬

ಅಕ್ಕನಿಗೆ ಹೇಳಬೇಕು. ಸೀರೆ ಕೊಡುವ ದಿನ ಇನ್ನೂ ಗೊತ್ತಾಗಿಲ್ಲ. ಸಮಯವಿದೆ.

ಆಗಸ್ಟ್ ೯

ಚಾಟಿ ಬೀಸುವವು ಅರವತ್ತೆರಡು ಇದ್ದವು. ಎರಡನೇ ಕಾಲಂಗೆ ಹಾಕಿದೆ. ಡಾಕ್ಟರು ನೋಡಿ ಸಹಿ ಮಾಡಿದರು. ಕೆಲಸ ಬೇಗ ಮುಗಿಯಿತು.

ಆಗಸ್ಟ್ ೧೪

ಫೋರ್ಟಿಗೆ ಹೋದೆ. ಮಧ್ಯಾಹ್ನದ ಊಟದ ಗದ್ದಲ. ಭಾವ ಗಲ್ಲಾದಲ್ಲಿ ಕುಳಿತಿದ್ದರು. ಕತ್ತು ಸಣ್ಣದಾಗಿದೆ. ಒಬ್ಬ ಗಿರಾಕಿ, "ಕ್ಯಾ ಮ್ಯಾನೇಜರ್ ಸಾಬ್, ಸಾಂಬಾರಿನಲ್ಲಿ ಉಪ್ಪೇ ಇಲ್ಲ" ಎಂದ. ಹಿಂದಿನಂತಿದ್ದರೆ ಏನಾದರೂ ನಗುವ ಮಾತು ಹೇಳುತ್ತಿದ್ದರು. ಸುಮ್ಮನೆ ಉಪ್ಪಿನ ಬಟ್ಟಲು ಸರಿಸಿದರು.

ಗೋದಾಮಿನ ಬಾಗಿಲಲ್ಲಿ ನಿಂತು ಬರ್ಫಿನ ವಿಷಯ ಹೇಳಿದೆ. ಬೈಯುತ್ತಾರೆಂದು ಕಾದೆ. "ಹಾಗಾದರೆ ಅವು ಸತ್ತದ್ದು ದಾರಿಯಲ್ಲಿ" ಎಂದರು. ಅದನ್ನೇ ಇನ್ನೊಮ್ಮೆ ಹೇಳಿದರು. "ನಾನೇ ಲ್ಯಾಬಿಗೆ ಬರ್ತೇನೆ. ಇನ್ನೊಮ್ಮೆ ನೋಡು. ಸರಿಯಿದ್ದರೆ ಅವಳಿಗೆ ಹೇಳು. ನಾನು ಬಾಂದ್ರಾಕ್ಕೆ ಬಂದರೆ ಮಾವ ಬಾಗಿಲು ತೆಗೆಯಲಿಕ್ಕಿಲ್ಲ."

ಆಗಸ್ಟ್ ೧೭

ಭಾವ ಲ್ಯಾಬಿನಲ್ಲೇ ಕೊಟ್ಟರು. ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡು ಹೋಗಿ ನೋಡಿದೆ.

ಮುಂದಕ್ಕೆ ಸಾಗುವವು ಅರವತ್ತೆಂಟು. ಇದ್ದಲ್ಲೇ ಅಲುಗುವವು ಹದಿನಾಲ್ಕು. ಚಲನೆ ಇಲ್ಲದವು ಹದಿನೆಂಟು.

ಡಾಕ್ಟರನ್ನೂ ಕರೆದು ತೋರಿಸಿದೆ. "ಚೆನ್ನಾಗಿವೆ" ಎಂದರು. "ಹಾಗಾದ್ರೆ ದೋಷ ಇಲ್ಲ ಅಂತ ಬರೆದುಕೊಡ್ತೀರಾ ಸಾರ್?" ಎಂದೆ. "ಇಲ್ಲಿ ನೇರ ಈಜ್ತವೆ ಅಂತ ಬರ್ಕೊಡಬಹುದು. ಅಲ್ಲಿ ಹೋಗಿ ಏನಾಗ್ತವೆ ಅಂತ ಯಾರು ನೋಡಿದಾರೆ? ಮೊಲದ್ದೇ ನಮಗಿನ್ನೂ ತಿಳಿದಿಲ್ಲ. ಇದು ಮಗು ಆಗುತ್ತೆ ಅನ್ನೋ ಸರ್ಟಿಫಿಕೇಟೂ ಅಲ್ಲ, ಆಗಲ್ಲ ಅನ್ನೋದೂ ಅಲ್ಲ."

ಅವರು ಹೇಳಿದ್ದು ಸರಿ. ನೇರ ಈಜುವುದು ಸಾಲದು. ಬದಲಾಗಬೇಕು, ಆ ಬದಲಾವಣೆ ಆಗುವುದು ಹೆಣ್ಣಿನೊಳಗೆ. ಮೊಲವಾದರೆ ಕೊಯ್ದು ನೋಡುತ್ತೇವೆ.

ಭಾವ ಹೊರಗೆ ಬೆಂಚಿನ ಮೇಲಿದ್ದರು. ಹೇಳಿದೆ. ಎದ್ದು ನಿಂತರು, ಮತ್ತೆ ಕುಳಿತರು. "ಅರವತ್ತೆಂಟಾ? ಮೆಟ್ರಿಕ್‌ನಲ್ಲಿ ನನಗೆ ಅಷ್ಟು ಬಂದಿರಲಿಲ್ಲ" ಎಂದರು. ಇಷ್ಟು ದಿನಕ್ಕೆ ಅವರು ನಕ್ಕದ್ದು ಇವತ್ತು.

ಆಗಸ್ಟ್ ೧೯

ಮಾವ ಇಲ್ಲದ ಹೊತ್ತಿನಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಹೊಸ ರವಿಕೆಗೆ ಕೈಹೊಲಿಗೆ ಹಾಕುತ್ತಿದ್ದಳು. ಸೂಜಿ ನಿಂತಿತು.

"ಬರ್ಫಿನ ವಿಷಯ ನಿನಗೆ ಗೊತ್ತಾದದ್ದು ಯಾವತ್ತು?"

"ಐದನೇ ತಾರೀಕು."

"ಇವತ್ತು ಹತ್ತೊಂಬತ್ತು. ಅವರಲ್ಲಿ ದೋಷ ಉಂಟು ಅಂತ ಹೇಳಲಿಕ್ಕೆ ನಿನಗೆ ಚಪ್ಪಲಿ ಬಿಡುವಷ್ಟೂ ಹೊತ್ತು ಬೇಕಾಗಿರಲಿಲ್ಲ."

ಭಾವ ಕಾಯುತ್ತಿದ್ದಾರೆ, ಹೋಗೋಣ ಎಂದೆ.

"ಹೋಗಿ? ಅವರದ್ದು ಸರಿ ಅಂತಾದರೆ ನನ್ನದು ಸರಿ ಇಲ್ಲ ಅಂತಾಯಿತು. ಮಾವ ಇನ್ನೊಮ್ಮೆ ಹತ್ತು ಜನರನ್ನು ಸೇರಿಸ್ತಾರಾ? ದೂಜಣ್ಣನವರಿಗೆ ಮಾತು ಕೊಟ್ಟಾಗಿದೆ. ಆ ಹತ್ತು ಜನರೆದುರು ಎಲೆ ಸರಿಸಿದ್ದು ಯಾರು? ಅವರು ನನ್ನನ್ನು ಒಂದು ಮಾತು ಕೇಳಿದರಾ?"

"ನಿನ್ನ ದೋಷ ಅಂತ ಯಾರೂ ನೋಡಿಲ್ಲ ಅಕ್ಕ. ಡಾಕ್ಟರೇ ಹೇಳಿದ್ರು, ಗೊತ್ತಿಲ್ಲ ಅಂತ."

"ಗೊತ್ತಿಲ್ಲ ಅಂತ ಹೇಳಿದರೆ ನಮ್ಮ ಜನ ಕೇಳ್ತಾರಾ?" ಹಲ್ಲಿನಿಂದ ದಾರ ಕಡಿದಳು. "ಹಿಂದೆ ಬೈಗಳು ತಿಂದದ್ದು ಅವರ ಮನೆಯಲ್ಲಿ ಇರಬೇಕು ಅಂತ. ಈಗ ಯಾವುದಕ್ಕೆ ತಿನ್ನಲಿ? ಇನ್ನು ಇದನ್ನು ಯಾರಿಗೂ ಹೇಳಬೇಡ. ಈ ಒಂದು ಸಲ ಸುಮ್ಮನಿರಲಿಕ್ಕೆ ಆಗ್ತದಾ ನಿನಗೆ?"

ಆಗಸ್ಟ್ ೨೨

ಭಾವನಿಗೆ ಹೋಗಿ ಹೇಳಬೇಕಿತ್ತು. ಮಳೆಯಿಂದ ಹೋಗಲಾಗಲಿಲ್ಲ ಎಂದು ಬರೆಯಹೊರಟೆ. ಮಳೆ ಇರಲಿಲ್ಲ.

ಆಗಸ್ಟ್ ೨೯

ಸೀರೆ ಕೊಡುವ ಕಾರ್ಯ ಮಾವನ ಮನೆಯಲ್ಲೇ ಆಯಿತು. ಇಪ್ಪತ್ತು ಜನ. ದೂಜಣ್ಣ ಮೆತ್ತಗೆ ಮಾತಾಡುವವರು, ಅಕ್ಕನ ಮುಖವನ್ನು ಒಂದೆರಡು ಸಲ ಮಾತ್ರ ನೋಡಿದರು. ಅವರ ಮಕ್ಕಳಿಬ್ಬರು ಸೋಡಾ ಬಾಟ್ಲಿಯ ಗೋಲಿಯಲ್ಲಿ ಆಡುತ್ತಿದ್ದರು.

ಸೀರೆ ಕೊಡುವ ಮೊದಲು ದೂಜಣ್ಣನ ದೊಡ್ಡಮ್ಮ ಎಲ್ಲರೆದುರು ನನ್ನನ್ನು ಕರೆದರು. "ಯಂತ್ರದಲ್ಲಿ ನೋಡಿದವಳು ನೀನಂತಲ್ಲ ಮಗಾ? ನೀನು ಸುಳ್ಳು ಹೇಳುವವಳಲ್ಲ ಅಂತ ಇಡೀ ಬೊಂಬಾಯಿ ಹೇಳ್ತದೆ. ನಮ್ಮ ಹುಡುಗ ಒಂದು ಸಲ ನೊಂದವನು. ಮೊದಲಿನವನದ್ದೇ ದೋಷ ಅಲ್ಲವಾ?"

ಮಾವ ನನ್ನನ್ನು ನೋಡಿದರು. ಅಕ್ಕ ನೆಲ ನೋಡುತ್ತಿದ್ದಳು.

"ಜುಲೈ ಏಳಕ್ಕೆ ನೋಡಿದೆ ದೊಡ್ಡಮ್ಮ. ನಾನೂರರಲ್ಲಿ ಒಂದೂ ಅಲುಗಲಿಲ್ಲ" ಎಂದೆ.

"ಇವಳದ್ದೇನಿಲ್ಲವಲ್ಲ?"

"ಅಕ್ಕನಲ್ಲಿ ದೋಷ ಉಂಟು ಅಂತ ಯಾರೂ ನೋಡಿಲ್ಲ."

ಅವರು ನನ್ನ ಗಲ್ಲ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡರು. ಸೀರೆ ಕೊಟ್ಟರು. ಊಟಕ್ಕೆ ಎಲೆ ಹಾಕುವಾಗ ಮಾವ ನನ್ನ ಪಕ್ಕ ಬಂದು, "ಈಗ ನಿನಗೆ ಮಾತಾಡಲಿಕ್ಕೆ ಬಂತು" ಎಂದರು.

ನಾನು ಹೇಳಿದ ಎರಡು ಮಾತನ್ನೂ ಇಲ್ಲಿ ಹಾಗೆಯೇ ಬರೆದಿದ್ದೇನೆ. ಇನ್ನೊಮ್ಮೆ ಓದಿ ನೋಡಿದೆ. ಎರಡರಲ್ಲೂ ಸುಳ್ಳಿಲ್ಲ.